ಸೇವೆಯನ್ನು ಅಳೆಯುವ ಕೊಳಗ ಯಾರದು?

(ಶಿವಮೊಗ್ಗದ ಗೋಪಾಳದಲ್ಲಿ, ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆ ಹೊರಡಲಿದ್ದ ವಿದ್ಯಾರ್ಥಿಗಳನ್ನೂ ಮಲೆನಾಡಿನ ಹಳ್ಳಿಗಳಿಂದ ಬಂದಿದ್ದ ಹಿರಿಯರನ್ನೂ ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹರೂಪ)



ಇನ್ನು ಕೆಲವೇ ದಿನಗಳಲ್ಲಿ ಇಲ್ಲಿರುವ ವಿದ್ಯಾರ್ಥಿಗಳು ಏಳು ದಿನಗಳ ವಿಶೇಷ ಶಿಬಿರಕ್ಕೆ ಹೊರಡಲಿದ್ದಾರೆ. ಆ ಶಿಬಿರಕ್ಕೆ ಜಾಗ ಕೊಡುವ, ಅಕ್ಕಿ ಕಾಯಿ ಕೊಡುವ, ಶಾಲೆಯ ಬೀಗ ತೆಗೆದುಕೊಡುವ ಊರಿನವರೂ ಇದೇ ಸಭೆಯಲ್ಲಿದ್ದಾರೆ. ಶಿಬಿರಕ್ಕೆ ಮೊದಲೇ ಇಬ್ಬರೂ ಎದುರುಬದುರು ಕುಳಿತಿರುವುದು ಅಪರೂಪ. ಸಾಮಾನ್ಯವಾಗಿ ಈ ಭೇಟಿ ಉದ್ಘಾಟನೆಯ ದಿನ, ಹಾರ ತುರಾಯಿಗಳ ನಡುವೆ ಆಗುತ್ತದೆ. ಆದುದರಿಂದ ಈ ಅವಕಾಶವನ್ನು ಕೆಲವು ನೇರವಾದ ಮಾತುಗಳಿಗೆ ಬಳಸಿಕೊಳ್ಳಲು ಅನುಮತಿ ಬೇಡುತ್ತೇನೆ.

ನನಗೆ ಕೊಟ್ಟಿರುವ ವಿಷಯ, ‘ನಾಗರಿಕ ಸೇವೆ ಮತ್ತು ಸಮುದಾಯ ಕಲ್ಯಾಣದ ಪಠ್ಯದಿಂದ ವಿದ್ಯಾರ್ಥಿಗಳು ಕಲಿಯುವುದೇನು’ ಎಂಬುದು. ಇದಕ್ಕೆ ಸಿದ್ಧ ಉತ್ತರಗಳಿವೆ: ಶಿಸ್ತು, ನಾಯಕತ್ವ, ಶ್ರಮಗೌರವ, ಸಹಬಾಳ್ವೆ. ವಾರ್ಷಿಕ ವರದಿಗಳಲ್ಲಿ ಈ ನಾಲ್ಕೂ ಬಹುತೇಕ ಇದೇ ಕ್ರಮದಲ್ಲಿ ಬರುತ್ತವೆ. ಅವು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಶಿಸ್ತನ್ನು ಆಟದ ಮೈದಾನದಲ್ಲಿಯೂ ಕಲಿಯಬಹುದು, ಸಹಬಾಳ್ವೆಯನ್ನು ವಿದ್ಯಾರ್ಥಿನಿಲಯದಲ್ಲಿಯೂ ಕಲಿಯಬಹುದು. ಒಂದು ಹಳ್ಳಿಯ ಏಳು ದಿನಗಳನ್ನು, ಅಲ್ಲಿಯ ಜನರ ಸಮಯವನ್ನೂ ಅನ್ನವನ್ನೂ ಪಡೆದ ಮೇಲೆ ಮಾತ್ರ ಕಲಿಯಬಹುದಾದದ್ದು ಯಾವುದು? ಅದನ್ನು ಕಲಿತೆವೋ ಇಲ್ಲವೋ ಎಂದು ಅಳೆಯುವವರು ಯಾರು? ಇಂದಿನ ನನ್ನ ಮಾತು ಇಷ್ಟಕ್ಕೇ ಸೀಮಿತ.

ಯೋಜನೆ ಹುಟ್ಟಿದ ಬಗೆ

ರಾಷ್ಟ್ರೀಯ ಸೇವಾ ಯೋಜನೆಯು ಒಮ್ಮೆಲೇ ಆಕಾಶದಿಂದ ಇಳಿದು ಬಂದುದಲ್ಲ. ಸ್ವಾತಂತ್ರ್ಯ ಬಂದ ಹೊಸದರಲ್ಲಿಯೇ, ಡಾ. ಎಸ್. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು ವಿದ್ಯಾರ್ಥಿಗಳು ಸ್ವಇಚ್ಛೆಯಿಂದ ರಾಷ್ಟ್ರಸೇವೆ ಮಾಡುವಂತಾಗಬೇಕೆಂದು ಸೂಚಿಸಿತ್ತು. 1959ರಲ್ಲಿ ಸಿ.ಡಿ. ದೇಶಮುಖ್ ಅವರ ಸಮಿತಿಯು ಸೇವೆಯನ್ನು ಕಡ್ಡಾಯಗೊಳಿಸಬೇಕೆಂದು ಹೇಳಿತು. ಅನಂತರ ಅನೇಕ ದೇಶಗಳ ಅನುಭವವನ್ನು ಅಭ್ಯಸಿಸಿದ ಕೆ.ಜಿ. ಸೈಯಿದೈನ್ ಅವರು, ಸೇವೆ ಐಚ್ಛಿಕವಾಗಿಯೇ ಇರಲಿ ಎಂದು ಅಭಿಪ್ರಾಯಪಟ್ಟರು. ಕೊನೆಗೆ ಗಾಂಧೀಜಿಯವರ ಜನ್ಮಶತಮಾನೋತ್ಸವದ ವರ್ಷದಲ್ಲಿ, 1969ರ ಸೆಪ್ಟೆಂಬರ್ 24ರಂದು, ಅಂದಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್ ಅವರು 37 ವಿಶ್ವವಿದ್ಯಾಲಯಗಳಲ್ಲಿ ಈ ಯೋಜನೆಗೆ ಚಾಲನೆ ಕೊಟ್ಟರು. ಆರಂಭದಲ್ಲಿ ಸೇರಿದ್ದವರು ಸುಮಾರು 40,000 ವಿದ್ಯಾರ್ಥಿಗಳು. ರಾವ್ ಅವರು ಆಗ ನಮ್ಮ ಬಳ್ಳಾರಿಯನ್ನು ಲೋಕಸಭೆಯಲ್ಲಿ ಪ್ರತಿನಿಧಿಸುತ್ತಿದ್ದರು. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟಿದವರೂ ಅವರೇ.

ಯೋಜನೆಯ ನಿಯಮದಂತೆ ಸ್ವಯಂಸೇವಕನು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆಯನ್ನು ಪೂರೈಸಬೇಕು ಮತ್ತು ಒಂದು ವಿಶೇಷ ಶಿಬಿರದಲ್ಲಿ ಭಾಗವಹಿಸಬೇಕು. ನೀವು ಎದೆಯ ಮೇಲೆ ಧರಿಸುವ ಬಿಲ್ಲೆಯಲ್ಲಿ ಕೋನಾರ್ಕದ ಸೂರ್ಯರಥದ ಚಕ್ರವಿದೆ. ಚಕ್ರದ ಎಂಟು ಅರೆಗಳು ದಿನದ 24 ಗಂಟೆಗಳನ್ನು ಸೂಚಿಸುತ್ತವೆ; ಹಗಲಿರುಳು ಸೇವೆಗೆ ಸಿದ್ಧ ಎಂಬುದು ಅದರ ಅರ್ಥ. ‘ನನಗಲ್ಲ, ನಿನಗೆ’ ಎಂಬುದು ಧ್ಯೇಯವಾಕ್ಯ. ಈಚಿನ ವರ್ಷಗಳಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವೂ ಸಮುದಾಯದೊಡನೆ ಒಡನಾಡುವುದನ್ನು ಕ್ರೆಡಿಟ್ ಉಳ್ಳ ಪಠ್ಯವನ್ನಾಗಿ ಮಾಡಬೇಕೆಂದು ಮಾರ್ಗಸೂಚಿ ನೀಡಿದೆ. ಹೀಗೆ ಸೇವೆಯು ಈಗ ಅಂಕಪಟ್ಟಿಯನ್ನೂ ಪ್ರವೇಶಿಸಿದೆ. ಅಂಕಪಟ್ಟಿಗೆ ಬಂದ ಯಾವ ವಸ್ತುವಿಗೂ ಒಂದು ಅಳತೆ ಬೇಕಾಗುತ್ತದೆ. ತೊಡಕು ಆರಂಭವಾಗುವುದು ಅಲ್ಲಿಂದ.

ಕಾಗೋಡಿನ ಕೊಳಗ

ನಾವು ಸೇರಿರುವ ಈ ಗೋಪಾಳದ ಸಮೀಪದ ಒಂದು ಬಡಾವಣೆಗೆ ಶಾಂತವೇರಿ ಗೋಪಾಲಗೌಡರ ಹೆಸರನ್ನಿಟ್ಟಿದ್ದಾರೆ. ಆ ಹೆಸರನ್ನು ವಿಳಾಸದಲ್ಲಿ ದಿನವೂ ಬರೆಯುವ ಎಷ್ಟೋ ವಿದ್ಯಾರ್ಥಿಗಳಿಗೆ ಅವರು ಯಾರೆಂಬುದು ತಿಳಿದಿರಲಾರದು. ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ 1923ರಲ್ಲಿ ಹುಟ್ಟಿ 1972ರಲ್ಲಿ ತೀರಿಕೊಂಡ ಸಮಾಜವಾದಿ ನಾಯಕರು ಅವರು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ಅದರ ಬೆನ್ನಿಗೆ ನಿಂತವರು. ಡಾ. ರಾಮಮನೋಹರ ಲೋಹಿಯಾ ಅವರು ಅದೇ ವರ್ಷ ಕಾಗೋಡಿಗೆ ಬಂದು ಬಂಧನಕ್ಕೊಳಗಾದರು.

ಆ ಸತ್ಯಾಗ್ರಹದ ಒಂದು ಮುಖ್ಯ ಕಾರಣವನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಗೇಣಿಯ ಭತ್ತವನ್ನು ಕೊಳಗದಲ್ಲಿ ಅಳೆದು ಒಡೆಯರಿಗೆ ಕೊಡುವುದು ಪದ್ಧತಿಯಾಗಿತ್ತು. ಕೊಳಗವೆಂದರೆ ಧಾನ್ಯ ಅಳೆಯುವ ಪಾತ್ರೆ. ಗೇಣಿ ವಸೂಲಿಗೆ ಬಳಸುತ್ತಿದ್ದ ಕೊಳಗ ರೂಢಿಯ ಅಳತೆಗಿಂತ ದೊಡ್ಡದಾಗಿದೆ ಎಂಬುದು ರೈತರ ದೂರು. ಲೆಕ್ಕ ಪುಸ್ತಕದಲ್ಲಿ ಕೊಳಗಗಳ ಸಂಖ್ಯೆ ಸರಿಯಾಗಿಯೇ ಇರುತ್ತಿತ್ತು. ಅನ್ಯಾಯವು ಸಂಖ್ಯೆಯಲ್ಲಿರದೆ ಪಾತ್ರೆಯಲ್ಲಿತ್ತು. ಬೆಳೆದವನ ಕೈಯಲ್ಲಿ ಬೆಳೆಯಿತ್ತು, ಅಳತೆಯ ಪಾತ್ರೆ ಇರಲಿಲ್ಲ.

ಈ ಮಾತನ್ನು ಇಲ್ಲಿ ತಂದುದಕ್ಕೆ ಕಾರಣವಿದೆ. ನಮ್ಮ ಸೇವಾ ಶಿಬಿರಗಳ ಕೊಳಗ ಯಾವುದು? ಎಷ್ಟು ಗಂಟೆ, ಎಷ್ಟು ಸಸಿ, ಎಷ್ಟು ಮೀಟರ್ ರಸ್ತೆ ಗುಡಿಸಿದ್ದು, ಎಷ್ಟು ಉಪನ್ಯಾಸ, ಎಷ್ಟು ಛಾಯಾಚಿತ್ರ. ಈ ಪಾತ್ರೆಯನ್ನು ಮಾಡಿದವರು ಕಾಲೇಜಿನವರು, ತುಂಬುವವರು ಕಾಲೇಜಿನವರು, ಅಳೆದು ಬರೆದುಕೊಳ್ಳುವವರೂ ಕಾಲೇಜಿನವರೇ. ಯಾರಿಗಾಗಿ ಸೇವೆ ನಡೆಯಿತೋ ಆ ಊರಿನ ಕೈಗೆ ಕೊಳಗ ಬರುವುದೇ ಇಲ್ಲ. ಊರಿನವರು ಅಳೆದರೆ ಲೆಕ್ಕ ಹೇಗೆ ಬರುತ್ತದೆ ಎಂಬುದನ್ನು ತಿಳಿಯುವುದೇ ಈ ಪಠ್ಯದ ಮುಖ್ಯ ಪಾಠವೆಂದು ನಾನು ಭಾವಿಸಿದ್ದೇನೆ. ಕೆಲವು ಉದಾಹರಣೆಗಳಿಂದ ಇದನ್ನು ವಿವರಿಸುತ್ತೇನೆ.

ನೆಟ್ಟ ಸಸಿ, ಉಳಿದ ಸಸಿ

ಮೊದಲನೆಯದು ಗಿಡ ನೆಡುವುದು. 1950ರಲ್ಲಿ ಕೆ.ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ ಸೇವೆಯೆಂದರೆ ಸಸಿ ನೆಡುವುದು ಎಂಬ ಭಾವನೆ ಬೇರೂರಿದೆ. ನಮ್ಮ ಮಲೆನಾಡಿನಲ್ಲಿ ಜೂನ್, ಜುಲೈ ತಿಂಗಳಲ್ಲಿ ನೆಟ್ಟ ಸಸಿ ಮಳೆಗಾಲವಿಡೀ ಹಸಿರಾಗಿಯೇ ಇರುತ್ತದೆ. ಅದರ ನಿಜವಾದ ಪರೀಕ್ಷೆ ಜನವರಿಯ ಅನಂತರ. ಮೇಲ್ಮಣ್ಣು ಒಣಗುತ್ತದೆ, ಬಯಲಿಗೆ ಬಿಟ್ಟ ದನಗಳು ಹಸಿರನ್ನು ಹುಡುಕುತ್ತವೆ, ಫೆಬ್ರವರಿ, ಮಾರ್ಚಿಯಲ್ಲಿ ತರಗೆಲೆಗೆ ಬೆಂಕಿ ಬೀಳುತ್ತದೆ. ಬೇರು ಆಳಕ್ಕೆ ಇಳಿಯದ ಸಸಿ ಆ ನಾಲ್ಕು ತಿಂಗಳಲ್ಲಿ ಸಾಯುತ್ತದೆ. ವರದಿಯಂತೂ ಜುಲೈಯಲ್ಲಿಯೇ ಹೋಗಿರುತ್ತದೆ. ಮೇ ತಿಂಗಳಲ್ಲಿ ನೆಟ್ಟ ಜಾಗಕ್ಕೆ ಹೋಗಿ ಎಣಿಸುವವರಿಲ್ಲ, ಏಕೆಂದರೆ ಆಗ ಪರೀಕ್ಷೆ ಮುಗಿದು ರಜೆ ಬಂದಿರುತ್ತದೆ.

ಊರಿನ ಕೊಳಗದಲ್ಲಿ ಅಳೆದರೆ ಎಣಿಕೆಗೆ ಬರುವುದು ಎರಡನೆಯ ಬೇಸಿಗೆಯನ್ನು ದಾಟಿದ ಸಸಿ ಮಾತ್ರ. ಈ ಲೆಕ್ಕ ಹಿಡಿದೊಡನೆ ವಿದ್ಯಾರ್ಥಿಯ ಕೆಲಸದ ಸ್ವರೂಪವೇ ಬದಲಾಗುತ್ತದೆ. ಸಾವಿರ ಸಸಿಗಳ ಆಸೆ ಬಿಟ್ಟು ಐವತ್ತಕ್ಕೆ ಬರುತ್ತಾನೆ. ಒಂದೂವರೆ ಅಡಿ ಉದ್ದಗಲ ಆಳದ ಗುಂಡಿ ತೋಡಿ ಗೊಬ್ಬರ ಹಾಕುತ್ತಾನೆ. ಮುಳ್ಳಿನ ಬೇಲಿ ಯಾರ ಹಿತ್ತಲಿನಿಂದ ಸಿಗುತ್ತದೆ, ಬೇಸಿಗೆಯಲ್ಲಿ ಯಾವ ಬಾವಿಯಲ್ಲಿ ನೀರಿರುತ್ತದೆ, ಬೆಂಕಿ ಯಾವ ದಿಕ್ಕಿನಿಂದ ಬರುತ್ತದೆ ಎಂದು ವಿಚಾರಿಸುತ್ತಾನೆ. ಈ ಪ್ರಶ್ನೆಗಳಿಗೆ ಉತ್ತರ ಅವನ ಪಠ್ಯಪುಸ್ತಕದಲ್ಲಿಲ್ಲ, ದನ ಮೇಯಿಸುವವನ ಬಳಿ ಇದೆ. ಹೀಗೆ ಅವನು ಮೊದಲ ಬಾರಿಗೆ ಊರನ್ನು ಕೇಳುತ್ತಾನೆ.

ಯಾವ ಸಸಿ ಎಂಬ ಪ್ರಶ್ನೆ ಇನ್ನೂ ಮುಖ್ಯವಾದುದು. ಇದಕ್ಕೆ ನಮ್ಮ ಜಿಲ್ಲೆಯದೇ ಕಹಿ ಇತಿಹಾಸವಿದೆ. 1980ರಲ್ಲಿ ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಸಹಸ್ರಾರು ಹೆಕ್ಟೇರ್ ಅರಣ್ಯಭೂಮಿಯನ್ನು ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ 40 ವರ್ಷಗಳ ಗೇಣಿಗೆ ಕೊಡಲಾಯಿತು. ಅಲ್ಲಿ ಅಕೇಶಿಯಾ, ನೀಲಗಿರಿ ನೆಡುತೋಪುಗಳು ಎದ್ದವು. ಅಕೇಶಿಯಾದ ಸೊಪ್ಪನ್ನು ದನ ಮುಟ್ಟುವುದಿಲ್ಲ, ಉದುರಿದ ಎಲೆ ಬೇಗ ಕೊಳೆಯುವುದಿಲ್ಲ, ಹಣ್ಣು ಹಂಪಲಿನ ಮಾತಂತೂ ಇಲ್ಲ. ದೂರದಿಂದ ನೋಡಿದವರಿಗೆ ಅದು ಹಸಿರು. ಸೊಪ್ಪು, ಮೇವು, ಜೇನು, ಹಣ್ಣು ಎಂದು ಕಾಡನ್ನು ಅಳೆಯುವ ಹಳ್ಳಿಯವರಿಗೆ ಅದು ಬರಿದು. ಕಾರ್ಖಾನೆ 2015ರ ಹೊತ್ತಿಗೆ ಸ್ಥಗಿತಗೊಂಡಿತು, 2020ರಲ್ಲಿ ಗೇಣಿಯ ಅವಧಿಯೂ ಮುಗಿಯಿತು. ಅದನ್ನು ಮತ್ತೆ ವಿಸ್ತರಿಸುವ ನಿರ್ಧಾರ ಹೊರಬಿದ್ದಾಗ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂಬ ಹೋರಾಟ ಮಲೆನಾಡಿನ ಊರೂರಿನಲ್ಲಿ ಎದ್ದಿತು. ಅದಕ್ಕೂ ಮೊದಲು, 1987ರ ನವೆಂಬರ್ 14ರಂದು, ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಹಳ್ಳಿಗರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಉಪಯುಕ್ತವಾದ ಸಸಿಗಳನ್ನು ನೆಟ್ಟು ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಸಿದ್ದರು. ಸಸಿಯನ್ನು ಆರಿಸುವ ಅಧಿಕಾರ ಯಾರದು ಎಂಬುದೇ ಎರಡೂ ಕಡೆಯ ಪ್ರಶ್ನೆಯಾಗಿತ್ತು.

ನಿಮ್ಮ ಶಿಬಿರದ ಊರಿನಲ್ಲಿ ತಾಯಂದಿರನ್ನು ಕೇಳಿ ನೋಡಿ. ಉಪ್ಪಾಗೆ, ಮುರುಗಲು, ಅಂಟುವಾಳ, ಹಲಸು, ನೇರಳೆ, ರಾಮಪತ್ರೆ ಎಂದು ಪಟ್ಟಿ ಬರುತ್ತದೆ. ಸಸ್ಯಪಾಲನಾಲಯದಲ್ಲಿ ಆ ವರ್ಷ ಉಳಿದುದನ್ನು ತಂದು ನೆಡುವುದಕ್ಕೂ ಈ ಪಟ್ಟಿಯನ್ನು ಹಿಡಿದು ಒಂದು ವರ್ಷ ಮೊದಲೇ ಬೀಜ ಸಂಗ್ರಹಿಸಿ ಸಸಿ ಮಾಡಿಕೊಳ್ಳುವುದಕ್ಕೂ ಇರುವ ಅಂತರವನ್ನು ಅರಿಯುವುದು ಒಂದು ದೊಡ್ಡ ಕಲಿಕೆ.

ಖಾಲಿ ಜಾಗವೆಂಬುದಿಲ್ಲ

ಎರಡನೆಯದು ನೆಲ. ಪಟ್ಟಣದಿಂದ ಹೋದವರ ಕಣ್ಣಿಗೆ ಹಳ್ಳಿಯಲ್ಲಿ ಬೇಕಾದಷ್ಟು ‘ಖಾಲಿ ಜಾಗ’ ಕಾಣುತ್ತದೆ. ಹಳ್ಳಿಗರಿಗೆ ಅಲ್ಲಿ ಖಾಲಿ ಎಂಬುದಿಲ್ಲ. ಅದು ಗೋಮಾಳವಾಗಿರಬಹುದು, ಸೊಪ್ಪಿನ ಬೆಟ್ಟವಾಗಿರಬಹುದು, ಕಾನಾಗಿರಬಹುದು, ದೇವರ ಬನವಾಗಿರಬಹುದು. ಈ ಒಂದೊಂದು ಹೆಸರಿನ ಹಿಂದೆಯೂ ಒಂದೊಂದು ಹಕ್ಕು, ಒಂದೊಂದು ಕಟ್ಟುಪಾಡು, ಕೆಲವೊಮ್ಮೆ ಒಂದೊಂದು ವ್ಯಾಜ್ಯ ಇದೆ. ಅಡಿಕೆ ತೋಟದ ಮಣ್ಣು ಬದುಕಿರುವುದು ಸೊಪ್ಪಿನ ಬೆಟ್ಟದಿಂದ ಬರುವ ಸೊಪ್ಪಿನಿಂದ. ಹುಲ್ಲಿನ ದಿಬ್ಬವನ್ನು ಪಾಳು ಎಂದು ಭಾವಿಸಿ ಮರ ಮುಚ್ಚಿದರೆ ಮೇವಿನ ಜಾಗ ಹೋಗುತ್ತದೆ.

ಇನ್ನೊಂದು ಸೂಕ್ಷ್ಮವಾದ ಸಂಗತಿಯಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕಣಿವೆಯ ಹಳ್ಳಿಗಳು ಮುಳುಗಿದವು. ನಾಡಿಗೆ ಬೆಳಕು ಕೊಟ್ಟು ತಾವು ಊರು ಬಿಟ್ಟ ಆ ಕುಟುಂಬಗಳನ್ನು ಜಿಲ್ಲೆಯ ಬೇರೆ ಬೇರೆ ಕಡೆ, ಕಾಡಿನ ಅಂಚಿನಲ್ಲಿ ನೆಲೆಗೊಳಿಸಿದರು. ಅನೇಕರ ಹಕ್ಕುಪತ್ರದ ಪ್ರಶ್ನೆ ಆರು ದಶಕಗಳ ಮೇಲೂ ಬಗೆಹರಿಯದೆ ಉಳಿದಿದೆ. ದಾಖಲೆಯಲ್ಲಿ ಅರಣ್ಯವೆಂದಿರುವ, ಕಣ್ಣಿಗೆ ಖಾಲಿ ಎಂದು ಕಾಣುವ ಜಾಗ ಅಂಥ ಒಂದು ಕುಟುಂಬದ ಬದುಕಾಗಿರಬಹುದು. ಅಲ್ಲಿಗೆ ನೂರು ಮಂದಿ ಸಮವಸ್ತ್ರ ತೊಟ್ಟು ಗುದ್ದಲಿ ಹಿಡಿದು ಹೋದರೆ, ಆ ಮನೆಯವರಿಗೆ ಅದು ಸೇವೆಯಾಗಿ ಕಾಣುವುದಿಲ್ಲ, ಒಕ್ಕಲೆಬ್ಬಿಸುವವರ ಮುನ್ಸೂಚನೆಯಾಗಿ ಕಾಣುತ್ತದೆ. ಪರಿಸರಪ್ರೇಮ ಮತ್ತು ನ್ಯಾಯ ಎರಡನ್ನೂ ಒಟ್ಟಿಗೆ ಯೋಚಿಸುವುದನ್ನು ವಿದ್ಯಾರ್ಥಿ ಇಂಥಲ್ಲಿ ಕಲಿಯಬೇಕು. ಗುದ್ದಲಿ ಹಾಕುವ ಮೊದಲು ಆ ನೆಲದ ಕಥೆಯನ್ನು ಕೇಳುವುದು ಕಡ್ಡಾಯವೆಂದು ನಾನು ತಿಳಿದಿದ್ದೇನೆ.

ನೀರಿಂಗಿಸುವ ಕೆಲಸಕ್ಕೂ ಇದೇ ಎಚ್ಚರ ಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಅಲ್ಲಿಂದ ನೂರು ಕಿಲೋಮೀಟರ್ ದೂರವೂ ಇಲ್ಲದ ಈ ಶಿವಮೊಗ್ಗ ನಗರದಲ್ಲಿ ಅದರ ಒಂದು ಸಣ್ಣ ಪಾಲು ಮಾತ್ರ. ಶಿಕಾರಿಪುರದ ಬಯಲಿಗೆ ಒಪ್ಪುವ ಇಂಗುಗುಂಡಿಯ ನಕ್ಷೆಯನ್ನು ತೀರ್ಥಹಳ್ಳಿಯ ಕಡಿದಾದ ಇಳಿಜಾರಿಗೆ ಒಯ್ದರೆ, ನೆನೆದ ಮಣ್ಣು ಭಾರವಾಗಿ ಜಾರುವ ಅಪಾಯವಿದೆ. ಮಲೆಯ ಊರುಗಳಲ್ಲಿ ಮಳೆಗಾಲ ಮುಗಿದ ಮೇಲೆ ಹಳ್ಳಕ್ಕೆ ಹಾಕುವ ತಾತ್ಕಾಲಿಕ ಕಟ್ಟವೇ ಲೇಸು. ಅದನ್ನು ಎಲ್ಲಿ ಹಾಕಬೇಕೆಂಬುದು ಊರಿನವರಿಗೆ ಗೊತ್ತು.

ಶಿಬಿರದ ಕಾಲವೇ ಉಣುಗಿನ ಕಾಲ

ಮೂರನೆಯ ಉದಾಹರಣೆ ಜೀವದ ಪ್ರಶ್ನೆಯದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಮಂಗನ ಕಾಯಿಲೆಯನ್ನು ಗುರುತಿಸಲಾಯಿತು. ಲೋಕದ ವೈದ್ಯಗ್ರಂಥಗಳಲ್ಲಿ ಆ ಕಾಡಿನ ಹೆಸರೇ ಕಾಯಿಲೆಗೆ ನಿಂತಿದೆ. ಇದು ಸೋಂಕು ತಗುಲಿದ ಉಣುಗಿನ ಕಡಿತದಿಂದ ಬರುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಡಿಸೆಂಬರಿನಿಂದ ಮೇವರೆಗೆ ಇದರ ಹಾವಳಿ ಹೆಚ್ಚು. ನಮ್ಮ ಬಹುಪಾಲು ಸೇವಾ ಶಿಬಿರಗಳು ನಡೆಯುವುದೂ ಇದೇ ತಿಂಗಳುಗಳಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಈ ಕಾಯಿಲೆ ಎಷ್ಟು ಮನೆಗಳಲ್ಲಿ ದುಃಖ ತಂದಿತೆಂಬುದು ಇಲ್ಲಿರುವ ಹಿರಿಯರಿಗೆ ತಿಳಿದಿದೆ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು.

ಆದುದರಿಂದ ಶಿಬಿರಾರ್ಥಿಗಳಿಗೆ ಮೊದಲು ಸ್ವಂತ ಎಚ್ಚರ ಬೇಕು. ತುಂಬುತೋಳಿನ ಅಂಗಿ, ಕಾಲು ಮುಚ್ಚುವ ಉಡುಪು, ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ, ಕಾಡಿನಿಂದ ಬಂದೊಡನೆ ಬಿಸಿನೀರಿನ ಸ್ನಾನ, ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯುವುದು, ತರಗೆಲೆಯ ಮೇಲೆ ಕುಳಿತುಕೊಳ್ಳದಿರುವುದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸುವುದು. ಜ್ವರ ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಹೇಳುವುದು.

ಇಷ್ಟನ್ನು ಕರಪತ್ರದಲ್ಲಿ ಅಚ್ಚು ಮಾಡಿ ಮನೆಮನೆಗೆ ಹಂಚಿದರೆ ಕಾಲೇಜಿನ ಕೊಳಗ ತುಂಬಿತು. ಆದರೆ ಒಬ್ಬ ತಾಯಿ ನಿಮ್ಮನ್ನು ಕೇಳಬಹುದು: “ಕಾಡಿಗೆ ಹೋಗಬೇಡಿ ಅಂತೀರಿ, ಕೊಟ್ಟಿಗೆಗೆ ಹಾಸೋ ಸೊಪ್ಪು ಎಲ್ಲಿಂದ ತರೋದು ಮಾರಾಯರೇ?” ಈ ಪ್ರಶ್ನೆಗೆ ಕರಪತ್ರದಲ್ಲಿ ಉತ್ತರವಿಲ್ಲ. ತರಗೆಲೆ ಗುಡಿಸುವವಳು ಅವಳು, ಹೊತ್ತು ತರುವವಳು ಅವಳು, ಉಣುಗು ಮೊದಲು ಹತ್ತುವುದೂ ಅವಳಿಗೇ. ಆ ಸೊಪ್ಪು ಗೊಬ್ಬರವಾಗದಿದ್ದರೆ ತೋಟವಿಲ್ಲ. ಸೊಪ್ಪನ್ನು ಕಾಯಿಲೆಯ ಕಾಲಕ್ಕೆ ಮೊದಲೇ ತಂದಿಡಬಹುದೇ, ಭತ್ತದ ಹುಲ್ಲನ್ನೋ ಅಡಿಕೆಯ ಸೋಗೆಯನ್ನೋ ಹಾಸಲು ಬಳಸಬಹುದೇ, ಕಾಡಿಗೆ ಹೋಗಿ ಬರುವ ದನದ ಮೈಯ ಉಣುಗನ್ನು ಪಶುವೈದ್ಯರ ಸಲಹೆಯಂತೆ ನಿವಾರಿಸಬಹುದೇ ಎಂದು ಅವಳೊಡನೆ ಕುಳಿತು ಯೋಚಿಸಬೇಕಾಗುತ್ತದೆ. ತಿಳಿವಳಿಕೆ ಹೇಳುವುದಕ್ಕೂ ತಿಳಿವಳಿಕೆಯಂತೆ ನಡೆಯಲು ಅನುವು ಮಾಡಿಕೊಡುವುದಕ್ಕೂ ಎಷ್ಟು ದೂರವಿದೆಯೆಂದು ಆ ಒಂದು ಪ್ರಶ್ನೆಯಿಂದ ತಿಳಿಯುತ್ತದೆ.

ಕಲಿಸುವವರು ಯಾರು?

ನಾನು ಕೃಷಿ ವಿಜ್ಞಾನದವನು. ನಮ್ಮ ಕೃಷಿ ಪದವಿಯ ಕೊನೆಯ ವರ್ಷದಲ್ಲಿ ‘ಗ್ರಾಮೀಣ ಕೃಷಿ ಕಾರ್ಯಾನುಭವ’ ಎಂಬ ಪಠ್ಯವಿದೆ. ವಿದ್ಯಾರ್ಥಿಗಳು ವಾರಗಟ್ಟಲೆ ಹಳ್ಳಿಯಲ್ಲಿಯೇ ಉಳಿದು, ಊರಿನ ನಕ್ಷೆಯನ್ನು ಜನರಿಂದಲೇ ನೆಲದ ಮೇಲೆ ಬರೆಸುತ್ತಾರೆ, ಬೆಳೆ ಪಂಚಾಂಗ ತಯಾರಿಸುತ್ತಾರೆ, ಪ್ರಾತ್ಯಕ್ಷಿಕೆ ಮಾಡಿ ತೋರಿಸುತ್ತಾರೆ. ಸೇವಾ ಯೋಜನೆಯವರಿಗೂ ಅದರ ಅನುಭವ ಉಪಯುಕ್ತವಾದೀತು.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವ ಪ್ರಾತ್ಯಕ್ಷಿಕೆಯನ್ನು ನಮ್ಮ ವಿದ್ಯಾರ್ಥಿಗಳು ಮಾಡುತ್ತಾರೆ. ಶೇಕಡ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಹದ ಸರಿಯಾಗಿದೆಯೇ ಎಂದು ನೋಡಲು ಉಜ್ಜಿದ ಕತ್ತಿಯನ್ನು ಅದ್ದುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಇದನ್ನು ಹಳ್ಳಿಯವರಿಗೆ ಕಲಿಸಬೇಕಾಗಿಯೇ ಇಲ್ಲ. ನಮ್ಮ ಬೆಳೆಗಾರರು ತಲೆಮಾರುಗಳಿಂದ ಬಲ್ಲರು. ಮರವೇರಿ ಔಷಧಿ ಹೊಡೆಯುವ ಕೊನೆಗಾರನಿಗಂತೂ ಯಾವ ತೋಟದ ಯಾವ ಮೂಲೆಯಲ್ಲಿ ರೋಗ ಮೊದಲು ಕಾಣಿಸಿತೆಂಬುದೂ ಗೊತ್ತು. ಹಾಗಾದರೆ ವಿದ್ಯಾರ್ಥಿಗೆ ಅಲ್ಲಿ ಕೆಲಸವೇನು?

ಕೆಲಸವಿದೆ. ಈಚೆಗೆ ತೀರ್ಥಹಳ್ಳಿ, ಹೊಸನಗರ, ಸಾಗರ, ಶೃಂಗೇರಿ, ಕೊಪ್ಪಗಳ ತೋಟಗಳನ್ನು ಎಲೆಚುಕ್ಕಿ ರೋಗ ಕಾಡುತ್ತಿದೆ. ಅದರ ಬೀಜಾಣುಗಳು ಗಾಳಿಯಲ್ಲಿ ಬೇಲಿ ದಾಟುತ್ತವೆ. ಒಬ್ಬ ಬೆಳೆಗಾರ ರೋಗದ ಸೋಗೆಯನ್ನು ಕತ್ತರಿಸಿ ಸುಟ್ಟು ಔಷಧಿ ಹೊಡೆದರೂ ಪಕ್ಕದ ತೋಟ ಹಾಗೆಯೇ ಉಳಿದರೆ ಫಲ ಕಡಿಮೆ. ಪಕ್ಕದ ತೋಟದವರು ವೃದ್ಧ ದಂಪತಿಗಳಿರಬಹುದು, ಮಕ್ಕಳು ಬೆಂಗಳೂರಿನಲ್ಲಿರಬಹುದು, ಆಳು ಸಿಗದಿರಬಹುದು. ಇಲ್ಲಿ ಕೊರತೆಯಿರುವುದು ಮಾಹಿತಿಗಲ್ಲ, ಕೂಡಿ ಮಾಡುವ ವ್ಯವಸ್ಥೆಗೆ. ಯಾವ ತೋಟದಲ್ಲಿ ಎಷ್ಟು ರೋಗವಿದೆಯೆಂದು ಇಡೀ ಕೇರಿಯ ನಕ್ಷೆ ಬರೆದು, ಯಾರ ಮನೆಗೆ ನೆರವು ಬೇಕೆಂದು ಗುರುತಿಸಿ, ಎಲ್ಲರೂ ಒಂದೇ ವಾರದಲ್ಲಿ ಕೆಲಸ ಮುಗಿಸುವಂತೆ ಕೂಡಿಸುವ ಕೆಲಸವನ್ನು ವಿದ್ಯಾರ್ಥಿಗಳು ಮಾಡಬಲ್ಲರು. ಮರ ಏರುವವನು ಕೊನೆಗಾರ, ನಕ್ಷೆ ಬರೆಯುವವನು ವಿದ್ಯಾರ್ಥಿ. ಹೀಗೆ ಇಬ್ಬರ ವಿದ್ಯೆಯೂ ಸೇರಿದಾಗ ಊರಿಗೆ ಏನಾದರೂ ದಕ್ಕುತ್ತದೆ.

ಹೀಗೆ ಸೇರಿಸುವ ಪ್ರಯತ್ನ ನಮ್ಮ ನಾಡಿಗೆ ಹೊಸದಲ್ಲ. 1990ರ ದಶಕದಲ್ಲಿ ಪ್ರೊ. ಮಾಧವ ಗಾಡ್ಗೀಳರು ಪಶ್ಚಿಮಘಟ್ಟದ ಕಾಲೇಜುಗಳ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಕೂಡಿಸಿಕೊಂಡು, ಹಳ್ಳಿಗರ ಅರಿವಿಗೆ ಬರಹದ ರೂಪ ಕೊಡುವ ಕೆಲಸವನ್ನು ನಡೆಸಿದರು. ಅದೇ ‘ಜನತಾ ಜೀವವೈವಿಧ್ಯ ದಾಖಲಾತಿ’ಯ ಬೀಜ. 2002ರ ಜೀವವೈವಿಧ್ಯ ಕಾಯಿದೆಯಲ್ಲಿ ಸ್ಥಳೀಯ ಸಂಸ್ಥೆಗಳ ಮಟ್ಟದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿಗೆ ಸ್ಥಾನ ದೊರೆಯಿತು. ನಿಮ್ಮ ಶಿಬಿರದ ಪಂಚಾಯಿತಿಯಲ್ಲಿ ಆ ದಾಖಲೆ ಎಲ್ಲಿದೆಯೆಂದು ಕೇಳಿ, ತೆರೆದು ಓದಿ, ಹಿರಿಯರ ಮುಂದಿಟ್ಟು ತಿದ್ದಿಸಿ. ಹೊಸ ಸಮೀಕ್ಷೆಗಿಂತ ಇದು ಮೇಲಾದ ಸೇವೆ.

ಹಳ್ಳಿಗೆ ಹೋಗುವ ಮೊದಲು ಗೋಪಾಳ

ಸೇವೆ ಎಂದೊಡನೆ ಬಸ್ಸು ಹತ್ತಿ ಹಳ್ಳಿಗೆ ಹೋಗಬೇಕೆಂಬುದೂ ಒಂದು ರೂಢಿ. ಹೊರಡುವ ಮೊದಲು ಒಂದು ಸಣ್ಣ ಅಭ್ಯಾಸವನ್ನು ಇಲ್ಲಿಯೇ ಮಾಡಿ. ನೀವಿರುವ ಮನೆಯ, ವಿದ್ಯಾರ್ಥಿನಿಲಯದ ಬಚ್ಚಲು ನೀರು ಎಲ್ಲಿಗೆ ಹೋಗುತ್ತದೆಂದು ಹಿಂಬಾಲಿಸಿ ನಡೆಯಿರಿ. ಚರಂಡಿ, ಅದರಿಂದ ದೊಡ್ಡ ಚರಂಡಿ, ಅದರಿಂದ ರಾಜಕಾಲುವೆಯೋ ಚಾನಲ್ಲೋ, ಕೊನೆಗೆ ಎಲ್ಲಿ? ಗಂಗಾಮೂಲದಲ್ಲಿ ಹುಟ್ಟಿ, ಶೃಂಗೇರಿ, ತೀರ್ಥಹಳ್ಳಿಗಳನ್ನು ದಾಟಿ ಬಂದ ತುಂಗೆ ಈ ನಗರದಲ್ಲಿ ನಮ್ಮ ಕೊಳೆಯನ್ನು ಹೊತ್ತು ಕೂಡಲಿಯಲ್ಲಿ ಭದ್ರೆಯನ್ನು ಸೇರುತ್ತಾಳೆ. ಕೆಳಗಿನ ಊರುಗಳು ಅದೇ ನೀರನ್ನು ಕುಡಿಯುತ್ತವೆ. 2024ರ ನವೆಂಬರಿನಲ್ಲಿ ‘ನಿರ್ಮಲ ತುಂಗಭದ್ರಾ ಅಭಿಯಾನ’ದವರು ಶೃಂಗೇರಿಯಿಂದ ನದಿಯುದ್ದಕ್ಕೂ ಪಾದಯಾತ್ರೆ ಹೊರಟುದು ಇದೇ ಕಾರಣಕ್ಕೆ. ನಡೆದು ಕಂಡುದನ್ನು ನಕ್ಷೆಯಲ್ಲಿ ಗುರುತಿಸಿ ಮಹಾನಗರ ಪಾಲಿಕೆಗೆ ಬರೆದು ಕೇಳುವುದು ನಾಗರಿಕ ಸೇವೆಯೇ. ಮೇಲಿನ ಊರಿನವರು ಕೆಳಗಿನ ಊರಿನವರಿಗೆ ಸಲ್ಲಿಸಬೇಕಾದ ಋಣ ಅದು.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ಪರಿಸರ ಜಾಗೃತಿ ಶಿಬಿರಕ್ಕೆ ಫ್ಲೆಕ್ಸ್ ಕಟ್ಟುವುದು, ಥರ್ಮೋಕೋಲ್ ತಟ್ಟೆಯಲ್ಲಿ ಊಟ ಹಾಕುವುದು ದಯವಿಟ್ಟು ಬೇಡ. ನಮ್ಮ ರಾಜ್ಯದಲ್ಲಿ 2016ರಲ್ಲಿಯೇ ಎರಡನ್ನೂ ನಿಷೇಧಿಸಲಾಗಿದೆ. ಮಲೆನಾಡಿನಲ್ಲಿ ಅಡಿಕೆ ಹಾಳೆಗೆ, ಬಾಳೆ ಎಲೆಗೆ ಬರವಿಲ್ಲ.

ಸೇವೆಯ ಜೊತೆಗೆ ಪ್ರಶ್ನೆ

ಲೋಹಿಯಾ ಅವರು ರಾಜಕಾರಣಕ್ಕೆ ಗುದ್ದಲಿ, ಸೆರೆಮನೆ, ಮತ ಎಂಬ ಮೂರು ಸಂಕೇತಗಳನ್ನು ಹೇಳುತ್ತಿದ್ದರು. ಗುದ್ದಲಿ ರಚನಾತ್ಮಕ ಕೆಲಸ, ಸೆರೆಮನೆ ಅನ್ಯಾಯದ ವಿರುದ್ಧದ ಹೋರಾಟ, ಮತ ಪ್ರಜಾಸತ್ತೆಯ ಹಕ್ಕು. ಸೇವಾ ಪಠ್ಯದ ದೌರ್ಬಲ್ಯವೆಂದರೆ ಅದು ಗುದ್ದಲಿಯನ್ನು ಮಾತ್ರ ಕೈಗೆ ಕೊಡುತ್ತದೆ. ಶಾಲೆಯ ದಾರಿಯಲ್ಲಿ ಕಾಲುಸಂಕವಿಲ್ಲದಿದ್ದರೆ ವಿದ್ಯಾರ್ಥಿಗಳು ಅಡಿಕೆ ಮರ ಹಾಕಿ ಸಂಕ ಕಟ್ಟಿಕೊಡುತ್ತಾರೆ, ಒಳ್ಳೆಯದೇ. ಆದರೆ ಮುಂದಿನ ಮಳೆಗಾಲದಲ್ಲಿ ಅದು ಕೊಚ್ಚಿಹೋಗುತ್ತದೆ. ಪಕ್ಕಾ ಸಂಕ ಏಕೆ ಬಂದಿಲ್ಲ, ಅರ್ಜಿ ಎಲ್ಲಿ ನಿಂತಿದೆ ಎಂದು ಗ್ರಾಮಸಭೆಯಲ್ಲಿ ಊರಿನವರ ಜೊತೆ ಕುಳಿತು ಕೇಳುವುದೂ ಪಠ್ಯದ ಭಾಗವಾಗಬೇಕು. ಸರಕಾರ ಮಾಡಬೇಕಾದ ಕೆಲಸವನ್ನು ಬಿಟ್ಟಿಯಾಗಿ ಮಾಡಿ ಮುಗಿಸುವುದೇ ಸೇವೆಯೆಂದು ಕಲಿತ ವಿದ್ಯಾರ್ಥಿ ಅರ್ಧ ಮಾತ್ರ ಕಲಿತಂತೆ.

ಹಾಗೆಯೇ ‘ದತ್ತು ಗ್ರಾಮ’ ಎಂಬ ಮಾತನ್ನೂ ಪುನರಾಲೋಚಿಸಬೇಕು. ದತ್ತು ತೆಗೆದುಕೊಳ್ಳಲು ಹಳ್ಳಿಗಳು ಅನಾಥವಾಗಿಲ್ಲ. ಏಳು ದಿನ ನಿಮಗೆ ಜಾಗ ಕೊಟ್ಟು, ಸಂಜೆ ಮಜ್ಜಿಗೆ ಕೊಟ್ಟು, ರಾತ್ರಿ ನಿಮ್ಮ ನಾಟಕ ನೋಡಿ ಚಪ್ಪಾಳೆ ತಟ್ಟುವವರು ಅವರು. ಯಾರು ಯಾರನ್ನು ದತ್ತು ತೆಗೆದುಕೊಂಡರೆಂದು ಶಿಬಿರದ ಕೊನೆಯ ದಿನ ನೀವೇ ತೀರ್ಮಾನಿಸಿ.

ಕೊನೆಯದಾಗಿ ನಾಲ್ಕು ಸಲಹೆಗಳು. ಒಂದು, ಶಿಬಿರದ ಕೆಲಸಗಳ ಪಟ್ಟಿ ಕಾಲೇಜಿನಲ್ಲಿ ತಯಾರಾಗದೆ ಒಂದು ತಿಂಗಳು ಮೊದಲೇ ಊರಿನ ಸಭೆಯಲ್ಲಿ, ಹೆಂಗಸರೂ ಕೂಲಿಕಾರರೂ ಇರುವ ಸಭೆಯಲ್ಲಿ ತಯಾರಾಗಲಿ. ಎರಡು, ಏಳು ದಿನಗಳಿಗೆ ಎಂಟನೆಯದನ್ನು ಸೇರಿಸಿ. ಆ ಎಂಟನೆಯ ದಿನ ಮುಂದಿನ ಮೇ ತಿಂಗಳಿನಲ್ಲಿರಲಿ. ಅಂದು ಹೋಗಿ ಉಳಿದ ಸಸಿಗಳನ್ನು ಎಣಿಸಿ, ಕಟ್ಟದ ನೀರು ಎಲ್ಲಿಯವರೆಗೆ ನಿಂತಿತೆಂದು ಕೇಳಿ ಬನ್ನಿ. ಮೂರು, ಒಂದು ದಪ್ಪ ಪುಸ್ತಕದಲ್ಲಿ ಎಲ್ಲವನ್ನೂ ಬರೆದು ಒಂದು ಪ್ರತಿಯನ್ನು ಊರಿನ ಗ್ರಂಥಾಲಯದಲ್ಲಿಡಿ, ಇನ್ನೊಂದನ್ನು ಮುಂದಿನ ವರ್ಷದ ಕಿರಿಯ ವಿದ್ಯಾರ್ಥಿಗಳಿಗೆ ಒಪ್ಪಿಸಿ. ವಿದ್ಯಾರ್ಥಿಗಳು ಬದಲಾಗುತ್ತಾರೆ, ಊರು ಅಲ್ಲಿಯೇ ಇರುತ್ತದೆ. ನಾಲ್ಕು, ಶಿಬಿರದ ಮೌಲ್ಯಮಾಪನದಲ್ಲಿ ಒಂದು ಪಾಲು ಊರಿನವರದಾಗಿರಲಿ. ಏನು ಉಪಯೋಗವಾಯಿತು, ಏನು ತೊಂದರೆಯಾಯಿತು ಎಂದು ಅವರು ಹೇಳಿದುದನ್ನು ಅವರ ಮಾತಿನಲ್ಲಿಯೇ ವರದಿಗೆ ಸೇರಿಸಿ, ಅಧ್ಯಾಪಕರು ಅದಕ್ಕೆ ಅಂಕ ಕೊಡಲಿ.

ಹಿರಿಯರಲ್ಲಿಯೂ ಒಂದು ವಿನಂತಿ. ಓದುವ ಹುಡುಗರು ಬಂದಿದ್ದಾರೆ, ಏನೋ ಮಾಡಿಕೊಂಡು ಹೋಗಲಿ ಎಂದು ಸುಮ್ಮನಿರಬೇಡಿ. ತಪ್ಪು ಜಾಗದಲ್ಲಿ ಗುಂಡಿ ತೆಗೆದರೆ ಅಲ್ಲಿಯೇ ಹೇಳಿ. ಬೇಡದ ಸಸಿ ತಂದರೆ ಹಿಂದಕ್ಕೆ ಕಳಿಸಿ. ನಿಮ್ಮ ಸೌಜನ್ಯದ ಮೌನದಿಂದ ಮಕ್ಕಳು ಏನನ್ನೂ ಕಲಿಯುವುದಿಲ್ಲ. ಕೊಳಗವನ್ನು ತಾವು ಕೈಗೆ ತೆಗೆದುಕೊಳ್ಳಬೇಕು.

ವಿದ್ಯಾರ್ಥಿಗಳೇ, ನಿಮ್ಮ 240 ಗಂಟೆಗಳು ಪ್ರಮಾಣಪತ್ರಕ್ಕೆ ಬೇಕು, ಅವನ್ನು ಪೂರೈಸಿ. ಆದರೆ ಮುಂದೆ ನಿಮ್ಮಲ್ಲಿ ಕೆಲವರು ತಹಶೀಲ್ದಾರರೋ ವೈದ್ಯರೋ ಅರಣ್ಯಾಧಿಕಾರಿಗಳೋ ಆಗಿ ಇಂಥದೇ ಊರಿನ ಬಗ್ಗೆ ಕಾಗದದ ಮೇಲೆ ಸಹಿ ಹಾಕುವ ದಿನ ಬರುತ್ತದೆ. ಅಂದು ಸಹಿಗೆ ಮೊದಲು ಒಮ್ಮೆ ಆ ಊರಿಗೆ ಹೋಗಿ ಕೇಳಿ ಬರಬೇಕೆಂದು ನಿಮಗೆ ಅನ್ನಿಸಿದರೆ, ಈ ಪಠ್ಯದಿಂದ ನೀವು ಕಲಿಯಬೇಕಾದುದನ್ನು ಕಲಿತಿರಿ ಎಂದು ನಾನು ತಿಳಿಯುತ್ತೇನೆ.